ಸೊಂಟದ ಕೀಲಿನ ಉಕ್ಕಿನ ಗುಂಡು

ನಾನು ಒಂದು ಉಕ್ಕಿನ ಗುಂಡು. ಕೆಳಗೆ ಉದ್ದನೆಯ ಬಾಲ, ಮೇಲೆ ಕನ್ನಡಿಯಂತೆ ಹೊಳೆಯುವ ತಲೆ. ಕಾರ್ಖಾನೆಯಲ್ಲಿ ನನ್ನನ್ನು ಕಾಯಿಸಿ, ಕಡೆದು, ಉಜ್ಜಿ ಉಜ್ಜಿ ಹದಕ್ಕೆ ತಂದದ್ದು ಒಂದೇ ಕೆಲಸಕ್ಕೆ. ತೊಡೆಯೆಲುಬಿನ ತಲೆ ಮುರಿದವರ ಸೊಂಟದ ಕೀಲಿನಲ್ಲಿ ಕೂತು ಅವರನ್ನು ನಡೆಸುವುದಕ್ಕೆ.

ಗದಗಿನ ಒಂದು ಆಸ್ಪತ್ರೆಯ ಕಪಾಟಿನಲ್ಲಿ ಸ್ಕ್ರೂ, ರಾಡುಗಳ ಜೊತೆ ಕಾಯುತ್ತಿದ್ದೆ. ಬಚ್ಚಲಲ್ಲಿ ಜಾರಿ ಬಿದ್ದ ಗುರುಬಸವ್ವಜ್ಜಿಯನ್ನು ಎತ್ತಿಕೊಂಡು ಬಂದರು. ಡಾಕ್ಟರು ಎಕ್ಸ್‌ರೇ ನೋಡಿ ಮಗ ಶೇಖಪ್ಪನಿಗೆ ಹೇಳಿದರು: "ಬರೇ ಬಿರುಕಿದ್ರ ಸ್ಕ್ರೂ ಹಾಕ್ತಿದ್ದೆ. ಇನ್ನೂ ಕೆಳಗ ಮುರದಿದ್ರ ರಾಡು. ಇದು ತೊಡಿ ಎಲುಬಿನ ಕುತ್ತಿಗೀಗೆ ಮುರದು ಸರದೈತಿ, ಈ ವಯಸ್ಸಿಗೆ ಕೂಡೂದಿಲ್ಲ. ಅದನ್ನ ತಗದು ಹೊಸಾ ಗುಂಡು ಹಾಕೂಣು. ಮರುದಿನಾನ ನಡಸಬೇಕು, ಮಲಗಿಸಿ ಇಡಬ್ಯಾಡ್ರಿ. ಚಕ್ಕಳಮಕ್ಕಳ ಮಾತ್ರ ಹಾಕಿಸಬ್ಯಾಡ್ರಿ, ಗುಂಡು ಜಾರತೈತಿ."

ನನಗೆ ಎದೆಯುಬ್ಬಿತು. ಆಪರೇಷನ್ನಿನ ಮರುದಿನ ಅಜ್ಜಿ ವಾಕರ್ ಹಿಡಿದು, ಹಲ್ಲು ಕಚ್ಚಿಕೊಂಡು, ಕಿಟಕಿಯವರೆಗೆ ನಡೆದೇಬಿಟ್ಟಳು. "ಇನ್ನ ಬಚ್ಚಲಕ ಯಾರ ಕೈನೂ ಹಿಡೀದ ಹೋಗ್ತೀನಿ" ಎಂದು ನಕ್ಕಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಮನೆಗೆ ಬಂದ ಮೇಲೆ ನನ್ನ ಗ್ರಹಚಾರ ಶುರುವಾಯಿತು. ನೋಡಲು ಬಂದವರೆಲ್ಲ ಒಂದೊಂದು ಬುದ್ಧಿ ಹೇಳಿದರು. "ಎಲುಬು ಕೂಡೂತನಕಾ ಅಲುಗಾಡಿಸಬ್ಯಾಡೋ ತಮ್ಮಾ" ಎಂದಳು ಶೇಖಪ್ಪನ ಸೋದರತ್ತೆ. ಕೂಡುವುದಕ್ಕೆ ಅಲ್ಲಿ ಎಲುಬೆಲ್ಲಿದೆ? ಅದನ್ನು ತೆಗೆದೇ ನನ್ನನ್ನು ಕೂರಿಸಿದ್ದು! ಒಳಗಿನಿಂದ ಎಷ್ಟು ಅರಚಿಕೊಂಡರೇನು, ಉಕ್ಕಿನ ಮಾತು ಯಾರ ಕಿವಿಗೆ ಬೀಳಬೇಕು? ಶೇಖಪ್ಪ ವಾಕರನ್ನು ಅಟ್ಟಕ್ಕೆ ಹಾಕಿದ.

ಅವನು ಕೆಟ್ಟವನಲ್ಲ, ಅದೇ ನನ್ನ ಹೊಟ್ಟೆಯುರಿ. ತಾನೇ ಉಣಿಸಿದ, ಮೈ ಒರೆಸಿದ, ಹಾಸಿಗೆ ಬದಲಿಸಿದ. "ನಡೀತೇನೋ, ಬಿಡೋ" ಎಂದು ಅಜ್ಜಿ ಅಂಗಲಾಚಿದರೆ, "ನಾ ಇರೂತನಕಾ ನಿನಗ್ಯಾಕ ತ್ರಾಸು ಯವ್ವಾ?" ಎನ್ನುತ್ತಿದ್ದ. ಇಂಥ ಮಗ ಇರಬೇಕು ಎಂದು ಓಣಿಯೆಲ್ಲ ಹೊಗಳಿತು. ಅಜ್ಜಿಯ ತೊಡೆ ಸಣಕಲಾಯಿತು, ಬೆನ್ನು ಹುಣ್ಣಾಯಿತು, ಎದೆಯಲ್ಲಿ ಕಫ ಕಟ್ಟಿತು. ಬಚ್ಚಲಿಗೆ ಹೋಗುತ್ತೇನೆಂದು ಕೇಳುವುದನ್ನೂ ಬಿಟ್ಟಳು. ಬೇಸಿಗೆ ಮುಗಿಯುವ ಮೊದಲೇ ತೀರಿಕೊಂಡಳು.

ಅವರಲ್ಲಿ ಶವವನ್ನು ಕೂರಿಸಿ ಮಣ್ಣು ಮಾಡುವುದು ಪದ್ಧತಿ. ಗುಣಿಗೆ ಇಳಿದವರು ಚಕ್ಕಳಮಕ್ಕಳ ಹಾಕಿಸಲೆಂದು ಕಾಲಿಗೆ ಕೈಹಾಕಿದ್ದೇ ತಡ, ಶೇಖಪ್ಪ ಮೇಲಿನಿಂದ ಕೂಗಿಕೊಂಡ: "ಸಾವಕಾಶ! ಆ ಕಾಲು ಮಡಚಬ್ಯಾಡ್ರಿ, ಗುಂಡು ಜಾರತೈತಂತ ಡಾಕ್ಟರು ಹೇಳ್ಯಾರ!"

ಡಾಕ್ಟರು ಹೇಳಿದ್ದರಲ್ಲಿ ಅವನು ನೆನಪಿಟ್ಟುಕೊಂಡದ್ದು ಅದೊಂದನ್ನೇ.

ಈಗ ಮಣ್ಣಿನೊಳಗಿದ್ದೇನೆ. ತುಕ್ಕು ಹಿಡಿದಿಲ್ಲ, ಒಂದಿಷ್ಟೂ ಸವೆದಿಲ್ಲ. ನಡೆದಿದ್ದರೆ ತಾನೆ ಸವೆಯುವುದು!