ಕಂಬಕ್ಕೆ ಅಂಟಿಸಿದ ತೆಮೆನುಗಾ

ಬೆಳಿಗ್ಗೆ ಬ್ರೆಡ್ಡು ತರಲು ಕೆಳಗಿಳಿದ ತೆಮೆನುಗಾಳಿಗೆ ಕಟ್ಟಡದ ಬಾಗಿಲಲ್ಲಿ ತನ್ನದೇ ಮುಖ ಎದುರಾಯಿತು. ಕಪ್ಪು ಅಂಚಿನ ಹಾಳೆ, ಮೇಲೊಂದು ಶಿಲುಬೆ, ನಡುವೆ ಅವಳ ಫೋಟೊ. ರೂಸೆ ಊರಿನಲ್ಲಿ ಸತ್ತವರನ್ನು ಹೀಗೆ ಬಾಗಿಲಿಗೆ, ಕಂಬಕ್ಕೆ ಅಂಟಿಸುವುದು ವಾಡಿಕೆ. ಸತ್ತ ನಲವತ್ತನೇ ದಿನಕ್ಕೆ, ಆರು ತಿಂಗಳಿಗೆ, ವರ್ಷಕ್ಕೆ. ಆದರೆ ಬದುಕಿರುವವರನ್ನು ಅಂಟಿಸುವಷ್ಟು ತಲೆಕೆಟ್ಟವರು ಅಲ್ಲಿಯವರೆಗೆ ಹುಟ್ಟಿರಲಿಲ್ಲ.

‘ತೆಮೆನುಗಾ ಹೇಳ್ತಾಳೆ’ ನಮ್ಮನ್ನಗಲಿ ಆರು ತಿಂಗಳು, ಎಂದಿತ್ತು ಬರಹ. ಸಂತೆಯಲ್ಲಿ ಯಾರ ಚೀಸು ಹಳಸಿದೆ ಎಂದು ಹದಿಮೂರು ವರ್ಷ ಹೆದರದೆ ಹೇಳಿದವಳು. ಇಂತಿ, ದುಃಖತಪ್ತ ಓದುಗರು.

ಅದು ಅವಳ ಬ್ಲಾಗಿನ ಹೆಸರು. ಆದರೆ ಇಂಥ ಹಾಳೆಯನ್ನು ಪೂರ್ತಿ ಓದುವವರು ಯಾರು? ಮುಖ ನೋಡುತ್ತಾರೆ, ಎದೆ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ನಡೆಯುತ್ತಾರೆ. ಬಾಗಿಲ ಬುಡದಲ್ಲಿ ಆಗಲೇ ಯಾರೋ ಎರಡು ಹೂವು ಇಟ್ಟು ಹೋಗಿದ್ದರು. ಜೋಡಿ ಹೂವು ಇಡುವುದು ಹೆಣಕ್ಕೆ. ತೆಮೆನುಗಾಳ ಪಿತ್ತ ನೆತ್ತಿಗೇರಿತು. ಹಾಳೆ ಕಿತ್ತಳು, ಬೀದಿಯ ಮೂರು ಕಂಬಗಳಲ್ಲಿದ್ದವನ್ನೂ ಕಿತ್ತಳು, ನೇರ ಲ್ಯೂಬೆನ್‌ನ ಜೆರಾಕ್ಸ್ ಅಂಗಡಿಗೆ ನುಗ್ಗಿದಳು. ಆ ಕೇರಿಯ ಸತ್ತವರನ್ನೆಲ್ಲ ಅಚ್ಚು ಹಾಕುವವನು ಅವನೇ.

"ಏನೋ, ನನ್ನ ಹೆಣ ನೋಡೋಕೆ ಅಷ್ಟು ಅವಸರವಾ ನಿನಗೆ?"

"ಕೂತ್ಕೋ ಮಾರಾಯ್ತಿ. ಅದು ನಿನಗಲ್ಲ, ಬ್ಲಾಗಿಗೆ ಹಾಕಿದ್ದು."

"ಮತ್ತೆ ಮುಖ ಯಾರದು, ನಿಮ್ಮಪ್ಪಂದಾ?"

"ಸಿಟ್ಟು ಬಂದ್ರೆ ಮಾತ್ರ ನೀನು ಬರೀತೀಯ. ಅದಕ್ಕೇ ಹಾಕಿದೆ."

ಆರು ತಿಂಗಳಿಂದ ಅವಳು ಒಂದಕ್ಷರ ಬರೆದಿರಲಿಲ್ಲ ಎಂಬುದು ನಿಜ. ಅದಕ್ಕೆ ಮೊದಲು, ಓದುಗರು ಹೆಚ್ಚಬೇಕಾದರೆ ಮೆತ್ತಗೆ ಬರೆಯಿರಿ, ಅಂಕಿ ಹಾಕಿ ಬರೆಯಿರಿ ಎಂದು ಯಾವನೋ ಬುದ್ಧಿವಂತ ಉಪದೇಶಿಸಿದ್ದ, ಇವಳೂ ಕೇಳಿದ್ದಳು. ಬಾಲ್ಕನಿಗೆ ಏಳು ಗಿಡಗಳು, ಸುಖನಿದ್ರೆಗೆ ಐದು ಸೂತ್ರಗಳು. ವರ್ಷವಿಡೀ ಇದನ್ನೇ ಬರೆದು, ಕೊನೆಗೆ ಕಂಪ್ಯೂಟರ್ ಕಂಡರೆ ವಾಕರಿಕೆ ಬರುವಂತಾಗಿತ್ತು.

"ನಾನು ಬರೀದಿದ್ರೆ ನಿನ್ನ ಗಂಟೇನು ಹೋಯ್ತು?"

ಲ್ಯೂಬೆನ್ ಕನ್ನಡಕ ತೆಗೆದಿಟ್ಟ. "ನಮ್ಮನೆಯವಳು ಯೊರ್ದಾಂಕಾಗೆ ಕಣ್ಣು ಹೋದಮೇಲೆ ದಿನಾ ಬೆಳಿಗ್ಗೆ ನಿಂದನ್ನ ನಾನೇ ಓದಿ ಹೇಳ್ತಿದ್ದೆ. ನೀನು ನಿಲ್ಲಿಸಿದೆ. ಅದನ್ನ ಅವಳಿಗೆ ಹೇಳೋಕೆ ಬಾಯಿ ಬರಲಿಲ್ಲ. ನಾನೇ ಏನೋ ಕಟ್ಟಿ, ನಿನ್ನ ಹೆಸರಲ್ಲಿ ಓದಿದೆ."

"ನನ್ನ ಹೆಸರಲ್ಲಿ ನೀನಾ? ನೆಟ್ಟಗೆ ಎರಡು ಸಾಲು ಬರೆಯೋಕೆ ಬರದವನು?"

"ಹೋದ ವಾರ ಸಿಕ್ಕಿಬಿದ್ದೆ. ಇದು ತೆಮೆನುಗಾ ಅಲ್ಲ, ಅವಳು ಸತ್ತುಹೋಗಿದಾಳೆ, ನನ್ನ ಹತ್ರ ಮುಚ್ಚಿಡ್ತಿದ್ದೀಯ ಅಂತ ಅತ್ತುಬಿಟ್ಟಳು."

"ಅಳದೇ ಇನ್ನೇನು ಮಾಡ್ತಾಳೆ, ನಿನ್ನ ಸಪ್ಪೆ ಸಾರು ಕುಡಿದು? ಯಾವಾಗಿಂದ ಅನುಮಾನವಂತೆ?"

ಅವನು ಮೇಜಿನ ಮೇಲಿನ ಹಾಳೆಗಳನ್ನು ಸುಮ್ಮನೆ ಜೋಡಿಸತೊಡಗಿದ.

"ಬೊಗಳು."

"ಒಂದೂವರೆ ವರ್ಷದಿಂದ ಅಂತೆ."

"ನಾನು ನಿಲ್ಲಿಸಿ ಆರೇ ತಿಂಗಳಲ್ಲವೇನೋ?"

"ಹೌದು."

ಮೊದಲಿನ ಆ ಒಂದು ವರ್ಷ ಬರೆದವಳು ಸ್ವತಃ ತೆಮೆನುಗಾ. ಏಳು ಗಿಡಗಳೂ ಅವಳವೇ, ಐದು ಸೂತ್ರಗಳೂ ಅವಳವೇ. ಕಣ್ಣಿಲ್ಲದ ಹೆಂಗಸು ಕುಳಿತಲ್ಲೇ ಅದನ್ನು ಕೇಳಿ, ಇವಳು ಸತ್ತಳು ಅಂದುಕೊಂಡಿದ್ದಳು. ಇಷ್ಟು ಹೊತ್ತು ಲ್ಯೂಬೆನ್ ಮೇಲಿದ್ದ ಸಿಟ್ಟು ಈಗ ತನ್ನ ಮೇಲೇ ತಿರುಗಿ, ಮೈಯೆಲ್ಲ ಉರಿಯಿತು. ಅವಮಾನವೂ ಆಯಿತು.

"ಏಳು ಅಲ್ಲಿಂದ. ಹೆಂಡತಿಗೆ ಫೋನ್ ಹಚ್ಚು."

ಅವನ ಕುರ್ಚಿ ಎಳೆದುಕೊಂಡು ಕೂತು ಕುಟ್ಟತೊಡಗಿದಳು. ಅವಳು ಬರೆದ ಹಾಗೇ ಅವನು ಬಗ್ಗಿ ಫೋನಿಗೆ ಓದಿದ: "ನಮ್ಮ ಕೇರಿಯ ಲ್ಯೂಬೆನ್ ಒಬ್ಬ ಹೇಡಿ. ಹೆಂಡತಿಗೆ ನಿಜ ಹೇಳಲು ಧೈರ್ಯವಿಲ್ಲದೆ ಬದುಕಿದ್ದವಳನ್ನು ಕಂಬಕ್ಕೆ ಅಂಟಿಸಿದ. ಅವನಿಗಿಂತ ದೊಡ್ಡ ಹೇಡಿ ಒಬ್ಬಳಿದ್ದಾಳೆ, ಅವಳು ನಾನು."

"ಮುಂದೆ ಓದು," ಎಂದಳು ಯೊರ್ದಾಂಕಾ.

"ಇನ್ನೂ ಬರೆದಿಲ್ಲ ಕಣೆ."

"ಸರಿ. ಕಾಯ್ತೀನಿ."