ಕಿರುಗುಟ್ಟದ ಕಾರು

ಸಾವಿನ ಮನೆಯ ಮಾತನ್ನು ಹೊರಗೆ ತರಬಾರದು ಎನ್ನುತ್ತಾರೆ. ತರುತ್ತಿದ್ದೇನೆ, ಕ್ಷಮಿಸಬೇಕು. ಎಲ್ಲಾದರೂ ಹೆಚ್ಚುಕಡಿಮೆ ಹೇಳಿಬಿಟ್ಟೇನೋ ಎಂಬ ಅಳುಕು ನನಗೂ ಇದೆ.

ತೀರಿಹೋದವನ ಭಾವಮೈದ ಹ್ಯಾಂಡ್‌ಬ್ರೇಕನ್ನು ಕಿತ್ತುಬರುವಷ್ಟು ಜೋರಾಗಿ ಎಳೆದು, ಕಾರಿನಿಂದ ಒಂದು ಕಾಲು ಕೆಳಗಿಟ್ಟಿದ್ದನಷ್ಟೆ. ಕಾರು ಹಿಂದಕ್ಕೆ ಜಾರತೊಡಗಿತು. ಆಸ್ಪತ್ರೆಯಿಂದ ಬರುವ ಶವದ ಗಾಡಿ ಒಳಗೆ ಬರಬೇಕೆಂದು, ಗೇಟಿಗೆ ಅಡ್ಡವಾಗಿದ್ದ ಕಾರನ್ನು ಅವನು ಆಗತಾನೆ ಅಂಗಳದ ಮೇಲ್ಬದಿಗೆ ಏರಿಸಿದ್ದ. ಮನೆಯಿಂದ ಗೇಟಿನವರೆಗೂ ಇಳಿಜಾರು. ಗೇಟಿನ ಬಳಿ ನಿಂತಿದ್ದವರು ದಿಕ್ಕಾಪಾಲಾದರು.

"ಕಲ್ಲು! ಯಾರಾದ್ರೂ ಕಲ್ಲಿಡ್ರೋ!"

ಅವನು ಮತ್ತೆ ಒಳಗೆ ನುಗ್ಗಿ, ಬ್ರೇಕ್ ತುಳಿದು, ಗೇರಿಗೆ ಹಾಕಿ ನಿಲ್ಲಿಸಿದ. ಇಷ್ಟೆಲ್ಲ ಆದರೂ ಕಾರು ಚಕಾರ ಎತ್ತಿರಲಿಲ್ಲ. ಆದರೆ ಕಾರನ್ನು ನೋಡುವವರು ಯಾರು? ಕಲ್ಲು ಎಂಬ ಮಾತು ಕಿವಿಗೆ ಬಿದ್ದದ್ದೇ ಎಲ್ಲರ ಕಣ್ಣೂ ಜಗಲಿಯ ಮೇಲೆ ಕೂತಿದ್ದ ಸತ್ತವನ ಹೆಂಡತಿಯತ್ತ ಹೊರಳಿದ್ದವು.

ಎರಡು ದಿನದ ಹಿಂದೆ ಈ ಕಾರು ಹೀಗೆಯೇ ಹಿಂದಕ್ಕೆ ಉರುಳಿ, ಗೇಟು ಮುಚ್ಚಲು ಇಳಿದಿದ್ದ ಅವಳ ಗಂಡನನ್ನು ಕಂಬಕ್ಕೆ ಒತ್ತಿಬಿಟ್ಟಿತ್ತು. ಚಕ್ರದ ಹಿಂದೆ ಕಲ್ಲಿಡುವುದು ಅವಳ ಕೆಲಸ. ಅವತ್ತು ಇಟ್ಟಿರಲಿಲ್ಲ.

"ಇಷ್ಟು ವರ್ಷ ಇಟ್ಟ ಕೈ," ಎಂದು ಸತ್ತವನ ಅಕ್ಕ ಪಕ್ಕದವಳ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. "ಅವತ್ತೊಂದಿನ ಅದೇನು ಘನಂದಾರಿ ಕೆಲಸ ಇತ್ತೋ ಒಳಗೆ!"

"ಅತ್ತೆ, ಸಾಕು ಸುಮ್ನಿರಿ," ಎಂದಳು ಮಗಳು.

"ನಾನೇನಂದೆ ಈಗ? ಹೋದವನು ನನ್ನ ತಮ್ಮ. ಬಾಯಿಗೆ ಬೀಗ ಹಾಕ್ಕೋಬೇಕಾ?"

"ಅವರು ಹೇಳೋದು ಸರಿ ಕಣೇ," ಎಂದಳು ತಾಯಿ, ತಲೆಯೆತ್ತದೆ. "ನಾನೇ ಕೊಂದೆ."

ಎರಡು ದಿನದಿಂದ ಅವಳ ಬಾಯಲ್ಲಿ ಬೇರೆ ಮಾತಿಲ್ಲ. ಗಂಟಲಿಗೆ ನೀರೂ ಇಳಿದಿರಲಿಲ್ಲ. ಅಪ್ಪನ ಹಿಂದೆ ಅಮ್ಮನೂ ಹೊರಟುಬಿಡುತ್ತಾಳೆ ಎಂಬ ಭಯ ಮಗಳಿಗೆ.

* * *

ತೀರಿಹೋದವನು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದವನು. ಸಾಲುಸಾಲು ಯಂತ್ರಗಳ ಗದ್ದಲದಲ್ಲೂ ಯಾವುದು ಕಿರುಗುಟ್ಟುತ್ತಿದೆ ಎಂದು ಕಿವಿಯಿಂದಲೇ ಹುಡುಕಿ, ಉದ್ದ ಮೂತಿಯ ಡಬ್ಬಿಯಿಂದ ಎರಡು ಹನಿ ಎಣ್ಣೆ ಬಿಡುತ್ತಿದ್ದ. ಅಲ್ಲಿಯ ಹೆಂಗಸರು ಅವನಿಗೆ ಎಣ್ಣೆಯಣ್ಣ ಎಂದು ಹೆಸರಿಟ್ಟಿದ್ದರು. "ಕುಡಿಯೋನಲ್ಲ, ಕುಡಿಸೋನು," ಎಂದು ನಗುತ್ತಿದ್ದರು.

ಮನೆಯಲ್ಲೂ ಅಷ್ಟೆ. ಬಾಗಿಲು, ಕಿಟಕಿ, ಮಗಳ ತೊಟ್ಟಿಲು, ಯಾವುದಕ್ಕೂ ಅವನು ದನಿ ಉಳಿಸಿರಲಿಲ್ಲ. "ಕಳ್ಳರಿಗೆ ನಿಮ್ಮಷ್ಟು ಉಪಕಾರಿ ಇನ್ಯಾರೂ ಇಲ್ಲ," ಎನ್ನುತ್ತಿದ್ದಳು ಹೆಂಡತಿ.

ಅವನ ಮಾತು ಕೇಳದೆ ಉಳಿದದ್ದು ಹಳೆಯ ಕಾರೊಂದೇ. ಬೀದಿಯ ತಿರುವಿನಲ್ಲಿ ಬ್ರೇಕ್ ತುಳಿದರೆ ಹಿಂದಿನ ಚಕ್ರಗಳು ಕಿರ್ರೆಂದು ಚೀರುತ್ತಿದ್ದವು. ಅಕ್ಕಪಕ್ಕದವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಅವಳು ಮಾತ್ರ ಒಲೆ ಸಣ್ಣಗೆ ಮಾಡಿ, ಬಾಗಿಲ ಮೂಲೆಯ ಕಲ್ಲೆತ್ತಿಕೊಂಡು ಹೊರಡುತ್ತಿದ್ದಳು. ಅವನು ಕಾರಿನಿಂದ ಇಳಿಯುವಷ್ಟರಲ್ಲಿ ಚಕ್ರದ ಹಿಂದೆ ಕಲ್ಲು ಇರುತ್ತಿತ್ತು. ಬಾ ಎಂದು ಅವನು ಯಾವತ್ತೂ ಕರೆದವನಲ್ಲ.

ಹೋದ ಭಾನುವಾರ ಅವನು ಜ್ಯಾಕ್ ಕೊಟ್ಟು ಹಿಂದಿನ ಚಕ್ರಗಳನ್ನು ಬಿಚ್ಚಿದ.

"ಗ್ಯಾರೇಜಿಗೆ ಕೊಡಬಾರ್ದೇನ್ರೀ?"

"ಜೀವಮಾನವೆಲ್ಲ ಯಂತ್ರದ ಜೊತೆ ಸಂಸಾರ ಮಾಡಿದೋನಿಗೆ ಇದೊಂದು ಲೆಕ್ಕಾನಾ?"

ಸಂಜೆ ಒಂದು ಸುತ್ತು ಹೋಗಿಬಂದು, ಕಾರಿನಲ್ಲಿ ಕೂತೇ ಅವಳನ್ನು ಕೂಗಿದ. ಅವಳು ಕಲ್ಲು ಹಿಡಿದು ಓಡಿಬಂದಳು.

"ನಾನು ಬಂದಿದ್ದು ಗೊತ್ತಾಯ್ತಾ?"

"ಇಲ್ಲಪ್ಪ. ಬೆಕ್ಕಿನ ಹಾಗೆ ಬಂದಿದ್ದೀರಿ."

ಅವನ ಮುಖ ಊರಗಲವಾಯಿತು. ಮಾರನೆಯ ದಿನ ಅವನು ಕೂಗಲಿಲ್ಲ.

* * *

ಭಾವಮೈದ ಬಸ್ಸು ಓಡಿಸಿದವನು. ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ಒಳಬದಿಗೆ ಬೆರಳಾಡಿಸಿದ. ಬೆರಳು ಒದ್ದೆಯಾಯಿತು.

"ಬ್ರೇಕ್ ಆಯಿಲ್ ಸೋರಿದೆಯಾ, ಮಾವ?" ಎಂದು ಮಗಳು ಬಗ್ಗಿದಳು.

"ನೀನೇ ನೋಡು."

ಅವಳೂ ಬೆರಳಿಟ್ಟು ಮೂಸಿದಳು. ಅಪ್ಪನ ಅಂಗಿಯ ವಾಸನೆ. ಹೊಲಿಗೆ ಯಂತ್ರದ ಎಣ್ಣೆ.

"ಉಜ್ಜಿ ಹಿಡಿಯೋ ಜಾಗಕ್ಕೇ ಎಣ್ಣೆ ಬಿಟ್ಟಿದ್ದಾರೆ ಭಾವ," ಎಂದ ಅವನು ತಗ್ಗಿದ ದನಿಯಲ್ಲಿ. "ಮುಂದಿನ ಚಕ್ರ ಹಿಡಿಯುತ್ತಲ್ಲ, ಓಡಿಸುವಾಗ ಗೊತ್ತಾಗಲ್ಲ. ಹ್ಯಾಂಡ್‌ಬ್ರೇಕ್ ಹಿಡಿಯೋದು ಈ ಹಿಂದಿನವನ್ನೇ. ಇನ್ನೆಲ್ಲಿ ನಿಲ್ಲುತ್ತೆ?"

"ಅಂದ್ರೆ ಅಮ್ಮನ ತಪ್ಪಲ್ಲ. ಸದ್ದೇ ಇಲ್ಲದ ಮೇಲೆ ಅವಳು ಕಲ್ಲು ತರೋದು ಹೇಗೆ? ಈಗ್ಲೇ ಹೇಳ್ತೀನಿ."

ಅವನು ಅವಳ ಮಣಿಕಟ್ಟು ಹಿಡಿದ. "ಬೇಡ, ಮಗಳೇ. ಕಾರ್ಖಾನೆಯವರೆಲ್ಲ ಬಂದಿದ್ದಾರೆ. ನಿಮ್ಮಪ್ಪ ಸಂಪಾದಿಸಿದ್ದು ಎಣ್ಣೆಯಣ್ಣ ಅನ್ನೋ ಅದೊಂದೇ ಹೆಸರು. ತನ್ನ ಎಣ್ಣೆಯಿಂದ ತಾನೇ ಸತ್ತ ಅಂತ ಆಡ್ಕೋತಾರೆ."

"ಹೆಸರು ಉಳಿಸೋಕೆ ಅಮ್ಮನ್ನೂ ಕಳ್ಕೊಳ್ಳೋಣ್ವಾ?"

ಅವನ ಹಿಡಿತ ಸಡಿಲವಾಯಿತು.

ಮಗಳು ತಾಯಿಯನ್ನು ಕೈಹಿಡಿದು ಕಾರಿನ ಹಿಂದಕ್ಕೆ ಕರೆತಂದಳು. ಎಣ್ಣೆಯ ಬೆರಳನ್ನು ಅವಳ ಮುಂದೆ ಹಿಡಿದಳು. "ಅಮ್ಮಾ, ಅಪ್ಪ ಬ್ರೇಕಿಗೆ ಎಣ್ಣೆ ಹಾಕಿದ್ರು. ಅದಕ್ಕೇ ಸದ್ದು ಬರ್ಲಿಲ್ಲ, ಅದಕ್ಕೇ ಕಾರು ನಿಲ್ಲಲಿಲ್ಲ. ನಿನ್ನ ತಪ್ಪೇನಿಲ್ಲ."

ತಾಯಿ ಆ ಬೆರಳನ್ನು ಮೂಗಿನ ಹತ್ತಿರ ತಂದುಕೊಂಡು ಕಣ್ಣು ಮುಚ್ಚಿದಳು.

"ಏನೇ ಅದು? ಏನು ಸಿಕ್ತು ಅಲ್ಲಿ?" ಎನ್ನುತ್ತ ಸತ್ತವನ ಅಕ್ಕ ಬಂದೇಬಿಟ್ಟಳು. ಅವಳ ಹಿಂದೆ ಕಾರ್ಖಾನೆಯ ಇಬ್ಬರು.

ತಾಯಿ ಕಣ್ಣೊರೆಸಿ ಒದ್ದೆಯಾಗಿದ್ದ ಕರವಸ್ತ್ರದಿಂದ ಮಗಳ ಬೆರಳನ್ನು, ಉಂಡ ಮಗುವಿನ ಕೈ ಒರೆಸುವಂತೆ ಒರೆಸಿದಳು.

"ಏನಿಲ್ಲ ಅತ್ತಿಗೆ, ಮಸಿ. ನಾನು ಕಲ್ಲಿಟ್ಟಿರ್ಲಿಲ್ಲ, ಅಷ್ಟೇ."

ಆ ಎರಡು ದಿನಗಳಲ್ಲಿ ಅವಳ ದನಿ ನಡುಗದೆ ಇದ್ದದ್ದು ಅದೇ ಮೊದಲು. ಆಮೇಲೆ ನೆಲಕ್ಕೆ ಮಂಡಿಯೂರಿ, ಚಕ್ರದ ಒಳಗೆ ಕೈಹಾಕಿ ಒರೆಸತೊಡಗಿದಳು. ಒರೆಸಿದ ಜಾಗದಲ್ಲೇ ತೆಳ್ಳಗೆ ಮತ್ತೊಂದು ಗೆರೆ ಇಳಿಯಿತು. ಕರವಸ್ತ್ರವನ್ನು ಒಣಗಿದ ಬದಿಗೆ ಮಡಚಿ ಅದನ್ನೂ ಒರೆಸಿದಳು. ಗೇಟಿನಲ್ಲಿ ಶವದ ಗಾಡಿ ಹಿಂದುಹಿಂದಕ್ಕೆ ಬರುತ್ತಿತ್ತು.

ಮಗಳ ಮಾತನ್ನು ನಂಬಿ ಹಾಗೆಂದಳೋ, ನಂಬದೆಯೇ ಅಂದಳೋ, ಮಗಳು ಕೇಳಲಿಲ್ಲ. ನನಗೂ ಗೊತ್ತಿಲ್ಲ.