ಬಾಗಿಲ ಲಾಳ ಮತ್ತು ಕಪ್ಪಾಗದ ಫೆಸೆಂಜಾನ್

ಒಬ್ಬಳಿದ್ದಳಂತೆ, ಇರಲಿಲ್ಲವಂತೆ, ಸಾಕ್ಷಿ ಹೇಳಲು ದೇವರೊಬ್ಬನೇ ಇದ್ದನಂತೆ. ಅವಳ ಹೆಸರು ಫರಂಗೀಸ್. ಟೆಹರಾನಿನಲ್ಲಿ ಹೋಟೆಲು ನಡೆಸುತ್ತ, ಇರಾನಿನ ಮೂಲೆಮೂಲೆಯ ಅಡುಗೆ ಹುಡುಕಿ ಪುಸ್ತಕ ಬರೆಯುತ್ತಿದ್ದಳು. ಅವಳ ಹೆಸರು ನಿಂತಿದ್ದು ಒಂದೇ ಮಾತಿನ ಮೇಲೆ: ಯಾರ ಮನೆಯ ಅಡುಗೆಯೋ ಅವರು ಉಂಡು ಒಪ್ಪಿದ ಮೇಲೆಯೇ ಅಚ್ಚಿಗೆ. ರಶ್ತ್ ಊರಿನ ನಮ್ಮಜ್ಜಿ ನೊಸ್ರತ್‌ಗೂ ಆ ಮಾತು ಕೊಟ್ಟಿದ್ದಳು.

ಅಜ್ಜಿಯ ಫೆಸೆಂಜಾನ್ ಎಂಬ ಗಟ್ಟಿ ಸಾರು ಕಾಡಿಗೆಯಷ್ಟು ಕಪ್ಪು. ಅರೆದ ಅಕ್ರೋಟು, ದಾಳಿಂಬೆಯ ಹುಳಿರಸ, ಬಾತುಕೋಳಿ. ಫರಂಗೀಸಳ ಕೈಯಲ್ಲಿ ಅದು ಕಂದುಬಣ್ಣ ದಾಟುತ್ತಲೇ ಇರಲಿಲ್ಲ.

ಎಡವಟ್ಟಾಗಿದ್ದು ಮೊದಲ ಭೇಟಿಯಲ್ಲೇ. ಅವಳು ಊಟ ಹೊಗಳಿದಾಗ ಅಜ್ಜಿ, "ಇದೇನು ಮಹಾ, ನಿಮ್ಮದೇ, ತಗೊಳ್ಳಿ" ಎಂದಿದ್ದಳು. ಅದು ಬರೀ ಉಪಚಾರದ ಮಾತು; ನಮ್ಮಲ್ಲಿ ಟ್ಯಾಕ್ಸಿಯವನೂ ಬಾಡಿಗೆ ಕೊಡಹೋದರೆ ಮೊದಲು 'ಬೇಡ, ಇರಲಿ' ಅನ್ನುತ್ತಾನೆ. ನಾವು ಒತ್ತಾಯ ಮಾಡಿ ಕೈಗಿಡಬೇಕು. ಅವಸರದಲ್ಲಿದ್ದ ಫರಂಗೀಸ್ ಒಂದು ಸಲವೂ ಬೇಡವೆನ್ನದೆ ಪೆನ್ನು ತೆಗೆದುಬಿಟ್ಟಳು. ಅಜ್ಜಿ ನಗುನಗುತ್ತಲೇ ಬರೆಸಿದಳು, ಒಂದನ್ನು ಬಿಟ್ಟು.

ಈಗ ಅವಳು ಅಚ್ಚಿಗೆ ಮುಂಚೆ ಅಜ್ಜಿಯ ಒಪ್ಪಿಗೆ ಪಡೆಯಲು ಮತ್ತೆ ಬಂದು, ನಮ್ಮ ಒಲೆಯ ಮುಂದೆ ನಿಂತು ತಾನೇ ಅಡುಗೆ ಮಾಡುತ್ತಿದ್ದಳು. ಒಂದೊಂದೇ ಬಾಟಲಿ ಮೂಸಿ ನೋಡಿದಳು.

"ಈ ರಸ ಅವತ್ತಿಂದೇನಾ ಖಾನುಂ?" ಅಜ್ಜಿಯನ್ನು ಅಮ್ಮಾವ್ರೇ ಎನ್ನುವ ಮರ್ಯಾದೆಯಲ್ಲೇ ಕೇಳಿದಳು.

"ಕುಡಿದು ನೋಡಿ. ವಿಷ ಹಾಕಿದ್ರೆ ನಾನೂ ಸಾಯ್ತೀನಿ, ಮಧ್ಯಾಹ್ನ ನಂಗೂ ಇದೇ ಊಟ."

ಅಜ್ಜಿ ನನ್ನನ್ನು ಹಜಾರಕ್ಕೆ ಎಳೆದಳು. "ನೀನೇನೂ ಬಾಯಿ ಬಿಟ್ಟಿಲ್ಲ ತಾನೆ?"

"ಇಲ್ಲಜ್ಜಿ."

"ಹಗಲುಗನಸಲ್ಲಿ ಹೇಳಿರ್ತೀಯ. ನಿಂಗೇ ಗೊತ್ತಿರಲ್ಲ."

ಫರಂಗೀಸ್ ಬೇಯಿಸಿದ್ದನ್ನು ಅಜ್ಜಿ ನಾಲಗೆಗೆ ಮುಟ್ಟಿಸಿಕೊಂಡಳು. "ಜಾಮು. ಬ್ರೆಡ್ಡಿಗೆ ಹಚ್ಕೋಬಹುದು."

"ಏನೋ ಮುಚ್ಚಿಟ್ಟಿದ್ದೀರಿ."

"ನನ್ ಹತ್ರ ಮುಚ್ಚಿಡೋಕೆ ಏನಿದೆಯಮ್ಮ? ಇಡೀ ಅಡುಗೆಮನೆ ನಿಮ್ಮದೇ, ತಗೊಳ್ಳಿ."

ಫರಂಗೀಸ್ ಪೆನ್ನಿಗೆ ಮುಚ್ಚಳ ಹಾಕಿದಳು. "ಬೇಡ ಖಾನುಂ. ನಿಮ್ಮನೇದು ನಿಮ್ಮನೇಲೇ ಇರ್ಲಿ."

"ತಗೊಳ್ಳಿ ಅಂದ್ನಲ್ಲ."

"ಬೇಡ. ಅವತ್ತೂ ತಗೋಬಾರದಿತ್ತು." ಅಲ್ಲೇ ಪ್ರಕಾಶಕನಿಗೆ ಫೋನು ಮಾಡಿ, ರಶ್ತ್‌ನ ಪುಟ ತೆಗೆದುಹಾಕಲು ಹೇಳಿದಳು.

"ಆ ಕಡೆ ಯಾರಾದ್ರೂ ಇದಾರೋ, ಬರೀ ನಾಟಕವೋ?" ಅಜ್ಜಿ ನನ್ನನ್ನು ತಿವಿದಳು.

ಇದ್ದರು. ಗಂಡಸಿನ ಕೂಗು ನಮಗೂ ಕೇಳುತ್ತಿತ್ತು: ಮುಖಪುಟದ ಮೇಲೆ ಅದರದೇ ಚಿತ್ರ, ಈಗ ತೆಗೆದರೆ ಈ ವರ್ಷ ಪುಸ್ತಕವೇ ಇಲ್ಲ, ಮುಂದೆ ನಿನ್ನ ಪುಸ್ತಕ ಯಾರು ಹಾಕ್ತಾರೋ ನೋಡ್ಕೋ. ಫರಂಗೀಸಳ ಕಿವಿ ಕೆಂಪಾಯಿತು. "ಅವರು ಒಪ್ಪಿಲ್ಲ. ತೆಗೀರಿ" ಎಂದು ಫೋನಿಟ್ಟಳು.

ಅಜ್ಜಿ ಎದ್ದು ಹೊರಬಾಗಿಲಿಗೆ ಹೋದಳು. ಬಂದವರೆಲ್ಲ ದೃಷ್ಟಿಗೆಂದು ತಿಳಿದಿದ್ದ ಕುದುರೆ ಲಾಳವನ್ನು ಮೊಳೆಯಿಂದ ಇಳಿಸಿ, ಬೂದಿಯಲ್ಲಿ ತಿಕ್ಕಿ, ತೊಳೆದು, ಉರಿಯ ಮೇಲಿಟ್ಟಳು. ಅದು ನಿಗಿನಿಗಿ ಕೆಂಪಾದ ಮೇಲೆ ಇಕ್ಕಳದಲ್ಲಿ ಹಿಡಿದು ಪಾತ್ರೆಯ ಹತ್ತಿರ ತಂದಳು.

"ಇದನ್ನ ನನ್ನ ಪಾತ್ರೆಗಾ?" ಫರಂಗೀಸ್ ಹಿಂದೆ ಸರಿದಳು. "ಕುದುರೆ ಕಾಲಿಂದು. ನನ್ನ ಮರ್ಯಾದೆ ಕಳೆಯೋಕೆ ತಾನೆ?"

"ಬೇಡಾಂದ್ರೆ ಬಾಗಿಲಿಗೇ ಹೊಡೀತೀನಿ. ಭಾರ ಇದೆ, ಬೇಗ ಹೇಳಿ."

ಫರಂಗೀಸ್ ಅಜ್ಜಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಇಕ್ಕಳ ಕಸಿದುಕೊಂಡು ಲಾಳವನ್ನು ಪಾತ್ರೆಗಿಳಿಸಿದಳು. ಚುಂಯ್ ಎಂದಿತು. ಸಣ್ಣ ಉರಿಯಲ್ಲಿ ಕುದಿಯುತ್ತ ಕುದಿಯುತ್ತ, ಕಬ್ಬಿಣದ ಸುತ್ತಲಿಂದ ಕಪ್ಪು ಹರಡಿ, ಎಣ್ಣೆ ಮೇಲೆ ಬಂತು.

ಅಜ್ಜಿ ಅನ್ನದ ಮೇಲೆ ಒಂದು ಚಮಚ ಹಾಕಿಕೊಂಡು ಉಂಡಳು. ಬಹಳ ಹೊತ್ತು ಅಗಿದಳು.

"ಬರ್ಕೋ. ತಿಕ್ಕಿ ತೊಳೆದು ಅಂತ್ಲೂ ಬರಿ, ಇಲ್ದಿದ್ರೆ ನಿಮ್ಮ ಟೆಹರಾನಿನವರು ಕುದುರೆ ಸಮೇತ ಹಾಕ್ತಾರೆ."

ಫರಂಗೀಸ್ ಬರೆದಳು. ಬರೆದ ಒಂದೊಂದು ಸಾಲನ್ನೂ ನನ್ನಿಂದ ಓದಿಸಿ ಕೇಳಿದ ಮೇಲೆಯೇ ಅಜ್ಜಿ ಎರಡನೆಯ ತುತ್ತು ಎತ್ತಿದಳು.